ಲೈನಿನ ಕೆಳಗಿನ ಬಸಳೆ ಚಪ್ಪರ

ನನ್ನ ಎಡಗಿವಿ ಕೇಳಿಸುವುದಿಲ್ಲ. ಎಡಗೆನ್ನೆ ಸ್ವಲ್ಪ ಜೋತಿದೆ, ನಕ್ಕರೆ ಅರ್ಧ ಮುಖ ಮಾತ್ರ ನಗುತ್ತದೆ. ಕಾರವಾರದ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಮುಖ ನೋಡುತ್ತಾರೆ, ಆಮೇಲೆ ಕಿವಿಯ ಹಿಂದಿನ ಹೊಲಿಗೆ ಗುರುತು ನೋಡುತ್ತಾರೆ, ಅಮದಳ್ಳಿ ದಾಟುವಷ್ಟರಲ್ಲಿ ಕೇಳಿಯೇ ಬಿಡುತ್ತಾರೆ. ತಲೆಯೊಳಗೆ ಗಡ್ಡೆ ಇತ್ತು, ತೆಗೆದರು ಎನ್ನುತ್ತೇನೆ. ಕೂಡಲೇ ಎರಡನೇ ಪ್ರಶ್ನೆ ಬರುತ್ತದೆ: ಎಂತಕ್ಕೆ ಬಂತು?

ಆ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಒಮ್ಮೆ ಉತ್ತರ ಕೊಟ್ಟಿದ್ದೆ, ಅದೂ ಹೆತ್ತ ಆಯಿಯ ಮುಖಕ್ಕೆ ಹೊಡೆದ ಹಾಗೆ. ಆಪರೇಷನ್ನಿನ ನೋವು ಮರೆತಿದೆ, ಆ ಮಾತಿನ ನೋವು ಮರೆತಿಲ್ಲ. ಆಯಿ ಇರುವಷ್ಟು ದಿನ ಇದನ್ನು ಬರೆಯಲು ಆಗಲಿಲ್ಲ. ಈಗ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿರುವವರು ಯಾರಾದರೂ ಓದಿದರೆ, ತಮ್ಮವರ ಮೇಲೆ ರೇಗುವ ಮುಂಚೆ ಒಂದು ಗಳಿಗೆ ಬಾಯಿ ಮುಚ್ಚಿಕೊಂಡಾರು ಎಂಬ ಆಸೆ.

ನಮ್ಮದು ಕಾರವಾರದ ದಕ್ಷಿಣಕ್ಕೆ, ಸಮುದ್ರದ ದಂಡೆಯ ಊರು. ಅಪ್ಪ ನಾನು ಸಣ್ಣವಳಿರುವಾಗಲೇ ತೀರಿಕೊಂಡಿದ್ದ. ಆಯಿ ಮನೆಯ ಹಿಂದೆ ಬಸಳೆ, ಹರಿವೆ, ಗೆಣಸು ಬೆಳೆದು, ಆದಿತ್ಯವಾರ ಕಾರವಾರದ ಸಂತೆಗೆ ಬುಟ್ಟಿ ಹೊತ್ತು ನನ್ನನ್ನು ಸಾಕಿದಳು. ನಾನೊಬ್ಬಳೇ ಮಗಳು ಎಂದು ಗಂಡ ರಮಾಕಾಂತ ನಮ್ಮ ಮನೆಗೇ ಬಂದು ಇದ್ದರು. ಬಸ್ ಡ್ರೈವರ್. ಯಾರಾದರೂ ಮನೆ ಅಳಿಯ ಎಂದು ಛೇಡಿಸಿದರೆ, 'ಅತ್ತೆ ಮಾಡೂ ಬಸಳೆ ಹುಳಿ ಬಿಟ್ಟು ಯಾರು ಹೋಗ್ತಾರಾ?' ಎನ್ನುತ್ತಿದ್ದರು.

ಎರಡು ಸಾವಿರ ಇಸವಿಯ ಆಸುಪಾಸಿನಲ್ಲಿ ನಮ್ಮ ಊರು ನೌಕಾನೆಲೆಗೆ ಹೋಯಿತು. ಅಂಕೋಲಾ ತಾಲೂಕಿನ ಒಂದು ಕಾಲೊನಿಯಲ್ಲಿ ಮನೆಗೆ ಜಾಗ ಸಿಕ್ಕಿತು. ಕಾಲೊನಿಯ ಕೊನೆಯ ಸಾಲಿನ ಬೆನ್ನಿಗೇ, ಘಟ್ಟದಿಂದ ಇಳಿದು ಬರುವ ದೊಡ್ಡ ವಿದ್ಯುತ್ ಲೈನು. ನಮಗೆ ಬಂದದ್ದು ಮಧ್ಯದ ಸಾಲಿನ ಜಾಗ. ಕೊನೆಯ ಸಾಲಿನಲ್ಲಿ ಜಾಗ ಸಿಕ್ಕವರೊಬ್ಬರು ಬದಲಾಯಿಸಿಕೊಳ್ಳಲು ಜನ ಹುಡುಕುತ್ತಿದ್ದರು. ನಾನೂ ಗಂಡನೂ ಬೇಡ ಎಂದೆವು. ಆಯಿಗೆ ಮಾತ್ರ ಅದರ ಮೇಲೇ ಕಣ್ಣು. ಲೈನಿನ ಕೆಳಗೆ ಯಾರೂ ಮನೆ ಕಟ್ಟುವ ಹಾಗಿಲ್ಲ, ಹಾಗಾಗಿ ಹಿತ್ತಿಲ ಹಿಂದೆ ಅಷ್ಟಗಲ ಬಯಲು.

'ಮಧ್ಯದಲ್ಲಿ ಕೂತ್ಕಂಡು ಎಂತಾ ಮಾಡುದೆ? ಬಳ್ಳಿ ತಲೆ ಮೇಲೆ ಹಬ್ಸುದಾ?' ಅಂದಳು ಆಯಿ. 'ದೇವಿ ಹತ್ರ ಕೇಳ್ವ. ಅವ್ಳು ಹೇಳ್ದಂಗೆ ಮಾಡ್ವ.'

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಮೊದಲು ಗ್ರಾಮದೇವಿಯ ಹತ್ತಿರ ಪ್ರಸಾದ ಕೇಳುವುದಿದೆ. ಪೂಜೆ ಮಾಡುವ ಗುನಗರು ಹೂವಿನ ಎಸಳನ್ನು ನೀರಲ್ಲಿ ಅದ್ದಿ, ದೇವಿಯ ಕಲ್ಲಿನ ಮೂರ್ತಿಯ ಬಲಕ್ಕೊಂದು ಎಡಕ್ಕೊಂದು ಅಂಟಿಸಿ, ನಮ್ಮ ಪ್ರಶ್ನೆಯನ್ನು ದೊಡ್ಡದಾಗಿ ಹೇಳುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಆಯಿ ಒಬ್ಬಳೇ ಹೋಗಿ ಬಂದಳು. ಬಾಗಿಲಲ್ಲೇ ನಿಂತು, 'ಬಲಕ್ಕೆ ಕೊಟ್ಳು' ಅಂದಳು. ದೇವಿಯೇ ಹೇಳಿದ ಮೇಲೆ ಮಾತು ಮುಗಿಯಿತು. ಜಾಗ ಬದಲಾಯಿಸಿಕೊಂಡು ಲೈನಿನ ಪಕ್ಕ ಮನೆ ಕಟ್ಟಿದೆವು. ಲೈನಿನ ಕೆಳಗೆ ಆಯಿಯ ಬಸಳೆ ಚಪ್ಪರ ಎದ್ದಿತು.

ಮಳೆಗಾಲದಲ್ಲಿ ಆ ಲೈನು ಗುಂಯ್ ಎನ್ನುತ್ತಿತ್ತು. ಮೊದಲ ವರ್ಷ ತಲೆ ಕೆಟ್ಟಿತು, ಎರಡನೇ ವರ್ಷ ಅಭ್ಯಾಸವಾಯಿತು. ನಾನು ಮನೆಯ ಮುಂದೆ ಒಂದು ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದೆ. ಗೋವಾ, ಮುಂಬಯಿಯಲ್ಲಿ ದುಡಿಯುವವರು ಫೋನು ಮಾಡುತ್ತಿದ್ದರು. ನಾನು ಎತ್ತಿ, ಯಾರು ಬೇಕು ಎಂದು ಕೇಳಿ, ಓಡಿಹೋಗಿ ಕರೆದು ತರುತ್ತಿದ್ದೆ. ನಾಲ್ಕೈದು ಮಳೆಗಾಲ ಕಳೆದ ಮೇಲೆ, ಒಂದು ಜೂನಿನಲ್ಲಿ ಫೋನಿನ ಧ್ವನಿ ಸಣ್ಣದಾಗತೊಡಗಿತು. ನಾನು ರಿಸೀವರನ್ನು ಯಾವಾಗಲೂ ಎಡಗಿವಿಗೇ ಹಿಡಿಯುವವಳು, ಬಲಗೈಯಲ್ಲಿ ನಂಬರು ಬರೆದುಕೊಳ್ಳಬೇಕಲ್ಲ. ಟೆಲಿಫೋನಿನವರಿಗೆ ದೂರು ಕೊಟ್ಟೆ. ಬಂದು ತಂತಿ ನೋಡಿದರು. ಇನ್ನೊಮ್ಮೆ ಕೊಟ್ಟೆ, ರಿಸೀವರ್ ಬದಲಾಯಿಸಿದರು. ಮೂರನೇ ಸಲ ಬಂದವರು ಫೋನು ಕಿವಿಗೆ ಹಿಡಿದು, 'ಅಕ್ಕಾ, ಸರಿಯಾಗೇ ಕೇಳ್ತದಲ್ಲ' ಎಂದು ನನ್ನ ಮುಖ ನೋಡಿದರು. ನನಗೆ ಸಿಟ್ಟೇ ಬಂತು.

ಅದೇ ತಿಂಗಳು ಒಂದು ಮಧ್ಯಾಹ್ನ ಬಲಮಗ್ಗುಲಿಗೆ ಮಲಗಿದ್ದೆ. ಹೊರಗೆ ಮಳೆ. 'ಈ ವರ್ಷ ಲೈನು ಸುಮ್ಮನಾಗಿದೆ, ಪಾಪ' ಎಂದೆ ಪಕ್ಕದಲ್ಲೇ ಮಲಗಿದ್ದ ಗಂಡನಿಗೆ.

'ಎಲ್ಲಿ ಸುಮ್ನಾಗದೆ ಮಾರಾಯ್ತಿ? ಕಿವಿ ಕಿತ್ತೋಗೂ ಹಂಗೆ ಕೂಗ್ತಾ ಅದೆ.'

ಎದ್ದು ಕೂತೆ. ಲೈನು ಕೂಗುತ್ತಿತ್ತು. ಮತ್ತೆ ಮಲಗಿ ಬಲಗಿವಿಯನ್ನು ದಿಂಬಿಗೆ ಒತ್ತಿದೆ. ಮಳೆಯೂ ಇಲ್ಲ, ಲೈನೂ ಇಲ್ಲ.

ಆಯಿ ಬೆಳ್ಳುಳ್ಳಿ ಹಾಕಿ ಕಾಸಿದ ತೆಂಗಿನೆಣ್ಣೆಯನ್ನು ಕಿವಿಗೆ ಬಿಟ್ಟಳು. ಕಾರವಾರದ ಕಿವಿ ಡಾಕ್ಟರು ತೊಳೆದು ಔಷಧ ಬರೆದರು. ಅಷ್ಟರಲ್ಲಿ ಅಂಗಳದಲ್ಲಿ ನಡೆದರೆ ದೋಣಿಯಲ್ಲಿ ನಿಂತ ಹಾಗೆ ಓಲಾಡಲು ಶುರುವಾಗಿತ್ತು. ಎರಡನೇ ಸಲ ಹೋದಾಗ ಡಾಕ್ಟರು ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ನಿಂತೆ; ಅವರು ಹಿಡಿಯದಿದ್ದರೆ ಬೀಳುತ್ತಿದ್ದೆ. ಸ್ಕ್ಯಾನ್ ಆಯಿತು. ಕಿವಿಯ ನರದ ಮೇಲೆ, ಮೆದುಳಿಗೆ ತಾಗಿ, ಸಣ್ಣ ಲಿಂಬೆಯಷ್ಟು ಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಬೆಳೆದು ಜೀವಕ್ಕೆ ಕುತ್ತು ತರುತ್ತದೆ, ಗೋವಾಕ್ಕೆ ಹೋಗಿ ಎಂದರು. ಗಂಡ ತಲೆ ಅಲ್ಲಾಡಿಸುತ್ತಲೇ ಇದ್ದರು. ದಿನಕ್ಕೆ ನೂರಾರು ಜನರನ್ನು ಹೊತ್ತು ತಿರುವುಗಳಲ್ಲಿ ಬಸ್ಸು ಓಡಿಸುವ ಮನುಷ್ಯ, ಡಾಕ್ಟರ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡರು.

ಸುದ್ದಿ ಕಾಲೊನಿಗೆ ಮುಟ್ಟಲು ಒಂದು ಸಂಜೆ ಸಾಕಾಯಿತು. ಬಂದವರೆಲ್ಲ ನನ್ನನ್ನು ನೋಡಿ, ಹಿತ್ತಿಲ ಕಡೆ ನೋಡಿ, ಹೂಂ ಎನ್ನುತ್ತಿದ್ದರು. ಲೈನಿನ ಹತ್ತಿರ ಇದ್ದವರಿಗೆ ತಲೆಯಲ್ಲಿ ಗಡ್ಡೆ ಬರುತ್ತದಂತೆ ಎಂದು ಪೇಪರಿನಲ್ಲಿ ಓದಿದವರೊಬ್ಬರು ಇದ್ದರು. ಅವರೇ ಹಳೆಯ ಒಂದು ಟ್ಯೂಬ್‌ಲೈಟ್ ತಂದರು. ಕತ್ತಲಾಗುವ ಹೊತ್ತಿಗೆ ಲೈನಿನ ಕೆಳಗೆ, ಆಯಿಯ ಚಪ್ಪರದ ಪಕ್ಕ ನಿಂತು ಟ್ಯೂಬನ್ನು ಮೇಲೆತ್ತಿ ಹಿಡಿದರು. ತಂತಿಯಿಲ್ಲ, ಸ್ವಿಚ್ಚಿಲ್ಲ, ಕೈಯಲ್ಲಿ ಹಿಡಿದ ಟ್ಯೂಬು ಮಂಕಾಗಿ ಹೊತ್ತಿಕೊಂಡಿತು. ಹೆಂಗಸರು ಅಯ್ಯೋ ಎಂದರು. ಆಗ ಆಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಎದುರಿಗೆ ನಿಂತವರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಆ ಬೆಳಕು ಮಾತ್ರ ಕಂಡಿತು. ಅವಳು ಒಳಗೆ ಹೋಗಿ ದೇವರ ಮುಂದೆ ಕೂತಳು, ಊಟಕ್ಕೂ ಏಳಲಿಲ್ಲ.

ಮರುವಾರ ಮೂವರೂ ಮಡಗಾಂವ್‌ಗೆ ಹೋಗಲು ಕಾರವಾರ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆವು. ಗಂಡ ಟಿಕೆಟ್ಟಿಗೆ ಹೋಗಿದ್ದರು. ಆಯಿ ಮೋಸಂಬಿ ಸುಲಿಯುತ್ತಿದ್ದಳು. ಒಂದು ತೊಳೆ ನನ್ನ ಕೈಗಿಟ್ಟು, 'ಹೆದ್ರಬೇಡ ಮಗಾ, ದೇವಿ ಕೈ ಬಿಡುದಿಲ್ಲ' ಅಂದಳು. ಅದೇನಾಯಿತೋ. ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬಂತು.

'ಯಾವ ದೇವಿ? ಆ ಲೈನಿನ ಬುಡಕ್ಕೆ ತಂದು ಹಾಕಿದವ್ಳಾ? ನೀ ನಿನ್ನ ಬಸಳೆ ಚಪ್ಪರಕ್ಕೆ ಜಾಗ ನೋಡ್ದೆ ಆಯಿ. ನನ್ನ ತಲೆ ನೋಡ್ಲಿಲ್ಲ.'

ಆಯಿ ಮೋಸಂಬಿ ಪೂರ್ತಿ ಸುಲಿದಳು, ಬೀಜ ತೆಗೆದಳು, ತೊಳೆಗಳನ್ನು ಕರವಸ್ತ್ರದ ಮೇಲೆ ಸಾಲಾಗಿಟ್ಟು ನನ್ನ ಕಡೆ ಸರಿಸಿದಳು. ನಾನು ತಿನ್ನಲಿಲ್ಲ. ಎಷ್ಟು ಕೆಟ್ಟವಳು ನಾನು ಎಂದು ಈಗ ಅನ್ನಿಸುತ್ತದೆ. ಆಗ ನನ್ನ ಜೀವದ ಹೊರತು ಬೇರೆ ಏನೂ ಕಾಣುತ್ತಿರಲಿಲ್ಲ.

ಗೋವಾದ ಆಸ್ಪತ್ರೆಯ ಡಾಕ್ಟರಮ್ಮ ನನಗಿಂತ ಚಿಕ್ಕವರು. ಕೊಂಕಣಿಯಲ್ಲಿ ಮಾತಾಡಿದರು, ಸಂತೆಯ ಕೊಂಕಣಿ ಬಲ್ಲ ಆಯಿ ಎಲ್ಲರಿಗಿಂತ ಮುಂದೆ ಬಾಗಿ ಕೇಳಿಸಿಕೊಂಡಳು. ಆಪರೇಷನ್ನಿನ ವಿಷಯ ಮುಗಿದ ಮೇಲೆ ಆಯಿಯೇ ಕೇಳಿದಳು, ಲೈನಿನಿಂದ ಬಂತೇ ಎಂದು.

'ನನಗೆ ಗೊತ್ತಿಲ್ಲ ಆಯಿ' ಎಂದರು ಅವರು. 'ಹೌದು ಅನ್ನಲು ಆಧಾರ ಇಲ್ಲ. ಲೈನನ್ನೇ ಕಾಣದವರಿಗೂ ಇದು ಬರುತ್ತದೆ. ಲೈನಿನ ಪಕ್ಕ ಜೀವನ ಕಳೆದವರಿಗೆ ಬರದೆಯೂ ಇರುತ್ತದೆ. ನಿಮ್ಮ ಮಗಳಿಗೆ ಯಾಕೆ ಬಂತು ಅಂತ ಯಾರಿಗೂ ಹೇಳಲು ಬರುವುದಿಲ್ಲ.'

ನನಗೆ ಅದು ಸಮಾಧಾನದ ಮಾತಾಗಿ ಕೇಳಿಸಿತು. ಆಯಿಗೆ ಕೇಳಿಸಿದ್ದು 'ಅಲ್ಲ ಅಂತ ಹೇಳಲಿಲ್ಲ' ಎಂಬುದೊಂದೇ.

ಆಪರೇಷನ್ನಿಗೆ ಮೂರು ವಾರ ಕಾಯಬೇಕಿತ್ತು. ಊರಿಗೆ ಮರಳಿದ ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಟಕ್ ಟಕ್ ಎಂದು ಕೇಳಿತು. ಆಯಿ ಕತ್ತಿ ಹಿಡಿದು ಚಪ್ಪರದ ಕಂಬ ಕಡಿಯುತ್ತಿದ್ದಳು. ಕಾಯಿಬಿಟ್ಟ ಬಸಳೆ ನೆಲಕ್ಕೆ ಬಿದ್ದು, ಕೆನ್ನೇರಳೆ ರಸ ಅವಳ ಪಾದಕ್ಕೆಲ್ಲ ಮೆತ್ತಿಕೊಂಡಿತ್ತು. ಬೇಡ ಎಂದು ಕೂಗಬೇಕಿತ್ತು. ಬಾಗಿಲಲ್ಲಿ ನಿಂತು ನೋಡಿದೆ, ಅಷ್ಟೇ.

ಆಪರೇಷನ್ನಿನ ಬೆಳಿಗ್ಗೆ ಕಿವಿಯ ಹಿಂದಿನ ಕೂದಲು ಬೋಳಿಸಿ, ಹಸಿರು ಅಂಗಿ ಹಾಕಿ, ಚಕ್ರದ ಮಂಚದ ಮೇಲೆ ಮಲಗಿಸಿ ಕಾರಿಡಾರಿನಲ್ಲಿ ನಿಲ್ಲಿಸಿದ್ದರು. ಒಳಗಿನ ಕರೆಗೆ ಕಾಯುತ್ತಿದ್ದೆವು. ಗಂಡ ಆಚೆ ತುದಿಯಲ್ಲಿ ಕಾಗದಕ್ಕೆ ಸಹಿ ಹಾಕುತ್ತಿದ್ದರು. ಆಯಿ ನನ್ನ ಬಲಗಡೆಗೆ ಬಂದು, ಕೇಳುವ ಕಿವಿಯ ಹತ್ತಿರ ಬಾಗಿದಳು.

'ಗೀತಾ, ಒಂದು ಮಾತು ಹೇಳ್ದೆ ಒಳಗೆ ಕಳ್ಸುಕೆ ನಂಗೆ ಆಗುದಿಲ್ಲ. ಅಂದು ಪ್ರಸಾದ ಎಡಕ್ಕೆ ಬಿದ್ದಿತ್ತೆ. ದೇವಿ ಬೇಡ ಅಂದಿದ್ಲು. ನಾನೇ ಗುನಗರ ಕಾಲಿಗೆ ಬಿದ್ದು ಎರಡ್ನೇ ಸಲ ಹಚ್ಚಿಸ್ದೆ. ಆಗ ಬಲಕ್ಕೆ ಬಿತ್ತು. ಬಯಲು ಬೇಕಿತ್ತು ನಂಗೆ. ಆಸೆ.' ನನ್ನ ಕೈ ಹಿಡಿದುಕೊಂಡಳು. 'ಅವ್ಳು ಬೇಡ ಅಂದಿದ್ಲು ಮಗಾ.'

ನಾನು ಏನಾದರೂ ಹೇಳಬಹುದಿತ್ತು. ಇರಲಿ ಬಿಡು ಆಯಿ ಎನ್ನಲು ಎಷ್ಟು ಹೊತ್ತು ಬೇಕು? ಬಾಯಿ ಒಣಗಿತ್ತು, ಮನಸ್ಸೂ ಒಣಗಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು, ಮಂಚ ಉರುಳಿತು. ಆಯಿಯ ಕೈ ನನ್ನ ಕೈಯಿಂದ ಜಾರಿತು. ಮಗಳು ಬದುಕುತ್ತಾಳೋ ಇಲ್ಲವೋ ಗೊತ್ತಿಲ್ಲದ ಒಂಬತ್ತು ತಾಸು, ಉತ್ತರ ಸಿಗದೆ, ಕಾರಿಡಾರಿನ ಬೆಂಚಿನ ಮೇಲೆ ಅವಳು ಕೂತಿದ್ದಳು. ನೀರು ಕೂಡ ಕುಡಿಯಲಿಲ್ಲ ಎಂದು ಗಂಡ ಆಮೇಲೆ ಹೇಳಿದರು.

ಬದುಕಿದೆ. ಎಡಗಿವಿ ಪೂರ್ತಿ ಹೋಯಿತು. ಎಡಗಡೆಯ ಮುಖ ಸತ್ತಂತಾಯಿತು; ಕಣ್ಣು ಮುಚ್ಚುತ್ತಿರಲಿಲ್ಲ, ಮಲಗುವಾಗ ರೆಪ್ಪೆಗೆ ಪಟ್ಟಿ ಅಂಟಿಸುತ್ತಿದ್ದರು. ಗಂಜಿ ಕುಡಿದರೆ ಬಾಯಿಯ ಒಂದು ಮೂಲೆಯಿಂದ ಸೋರುತ್ತಿತ್ತು. ಆಯಿ ಸೆರಗಿನಿಂದ ಒರೆಸುತ್ತಿದ್ದಳು, ಒರೆಸಿ ಮತ್ತೊಂದು ಚಮಚ ಕೊಡುತ್ತಿದ್ದಳು. ವಾರ್ಡಿನ ಆಯಾ ಒಬ್ಬಳು ನನ್ನ ತಲೆಗೆ ಕೆಂಪು ಹೂವಿನ ಬಟ್ಟೆ ಕಟ್ಟಿ, ಕನ್ನಡಿ ಕೊಡದೆ, 'ಚಂದ ಕಾಣ್ತಿ' ಎಂದು ಕೊಂಕಣಿಯಲ್ಲಿ ಹೇಳಿ ಹೋಗುತ್ತಿದ್ದಳು. ಸುಳ್ಳೆಂದು ಗೊತ್ತಿದ್ದೂ ದಿನಾ ಅವಳಿಗೆ ಕಾಯುತ್ತಿದ್ದೆ. ಗಂಡ, 'ಇನ್ನು ನೀ ಜಗಳ ತೆಗೆದ್ರೆ ನಾ ನಿನ್ನ ಬಲಗಡೆ ಬರೂದೇ ಇಲ್ಲ, ಎಡಗಡೆ ನಿಂತೇ ಉತ್ರ ಕೊಡೂದು' ಎಂದು ನಗಿಸಿದರು. ಅರ್ಧ ಮುಖದಿಂದ ಮೊದಲ ಸಲ ನಕ್ಕದ್ದು ಆವತ್ತು. ಅವರು ಹೊರಗೆ ಹೋಗಿ ಅತ್ತರಂತೆ.

ಒಂದು ವಿಷಯ ಮನೆಯವರಿಗೆ ಯಾರಿಗೂ ಹೇಳಲಿಲ್ಲ. ಸತ್ತ ಕಿವಿಯೊಳಗೆ ಗುಂಯ್ ಎಂಬ ಶಬ್ದ ಶುರುವಾಗಿತ್ತು. ಹೀಗಾಗುವುದುಂಟು, ಹೆದರಬೇಡಿ ಎಂದರು ಡಾಕ್ಟರಮ್ಮ. ಮಳೆಗಾಲದ ಲೈನಿನದೇ ಧ್ವನಿ ಅದು. ಮನೆಗೆ ಬಂದ ಮೇಲೆ ಆಯಿ ದಿನಾ ಕೇಳುತ್ತಿದ್ದಳು, 'ಕಿವೀಲಿ ಎಂತಾ ಇಲ್ಲ ಅಲ್ದಾ?' ಎಂತದೂ ಇಲ್ಲ ಎನ್ನುತ್ತಿದ್ದೆ.

ನಾನು ಚೇತರಿಸಿಕೊಂಡ ಹಾಗೆ ಆಯಿ ಕುಗ್ಗುತ್ತ ಹೋದಳು. ಹಿತ್ತಿಲ ಬಾಗಿಲು ತೆಗೆಯಲಿಲ್ಲ, ಸಂತೆಗೆ ಹೋಗಲಿಲ್ಲ. ಕಣ್ಣಿನ ಪೊರೆ ತೆಗೆಸುವ ಎಂದರೆ, 'ಕಂಡು ಎಂತಾ ಆಗ್ಬೇಕು?' ಎನ್ನುತ್ತಿದ್ದಳು. ಅವಳ ತಪ್ಪೇನೂ ಇಲ್ಲ ಎಂದು ಆಗ ನಾನು ಹೇಳಿದೆ. ಒಂದಲ್ಲ, ನೂರು ಸಲ ಹೇಳಿದೆ. ಹೊತ್ತು ಮೀರಿತ್ತು. ಮೊದಲ ಮಾತೇ ನಿಜದ್ದು, ಆಮೇಲಿನದೆಲ್ಲ ಸಮಾಧಾನಕ್ಕೆ ಹೇಳುವುದು ಎಂದು ಅವಳ ಲೆಕ್ಕ. ತುತ್ತು ಕಡಿಮೆಯಾಗುತ್ತ ಬಂದು, ಎದ್ದು ಕೂರಲೂ ಗೋಡೆ ಹಿಡಿಯುವಂತಾದಾಗ, ಹೀಗೇ ಬಿಟ್ಟರೆ ಆಯಿಯನ್ನು ಕಳೆದುಕೊಳ್ಳುತ್ತೇನೆ ಎಂದು ನನಗೆ ಖಾತ್ರಿಯಾಯಿತು. ಒಂದು ದಿನ ಅವಳೇ ಹೇಳಿದಳು.

'ನೀ ಹೇಳಿರೆ ಸಾಕಾಗುದಿಲ್ಲ. ದೇವಿ ಹೇಳ್ಬೇಕು. ನನ್ನ ಕರ್ಕಂಡು ಹೋಗು.'

ದೇವಿಯೂ ನಮ್ಮ ಹಾಗೆ ಊರು ಬಿಟ್ಟು ಬಂದವಳು. ಕಾಲೊನಿಯ ಅಂಚಿನಲ್ಲಿ ಹೊಸ ಗುಡಿ, ಕಲ್ಲು ಮಾತ್ರ ಹಳೆಯದು. ಗುನಗರೂ ಹಳಬರೇ, ಅಂದು ಆಯಿಗಾಗಿ ಎರಡನೇ ಸಲ ಎಸಳು ಅಂಟಿಸಿದವರು. ಆಯಿ ಕೇಳಬೇಕೆಂದದ್ದನ್ನು ಕೇಳಿ ಅವರ ಮುಖ ಸಪ್ಪಗಾಯಿತು.

'ದೇವಕ್ಕ, ಇಂಥದೆಲ್ಲ ಕೇಳುದಲ್ಲ.'

'ಕೇಳಿ' ಅಂದಳು ಆಯಿ.

ಅವರು ಎರಡು ಎಸಳು ಅದ್ದಿ ಅಂಟಿಸಿದರು. 'ತಾಯಿ, ನಿನ್ನ ಮಾತು ಮೀರಿದ್ದಕ್ಕೇ ಈ ಮಗಳಿಗೆ ರೋಗ ಬಂದದ್ದಾದ್ರೆ ಎಡಕ್ಕೆ ಕೊಡು. ಅಲ್ಲಾಂದ್ರೆ ಬಲಕ್ಕೆ ಕೊಡು' ಎಂದರು. ಗರ್ಭಗುಡಿಯ ಹೊರಗೆ ನಾವಿಬ್ಬರೂ ಕೂತಿದ್ದೆವು. ಆಯಿ ಕೈಮುಗಿದು, ಏನೂ ಕಾಣದ ಕಡೆಗೆ ಮುಖ ಮಾಡಿದ್ದಳು. ಎಡದ್ದು ಬಿದ್ದರೆ ಆಯಿ ಉಳಿಯುವುದಿಲ್ಲ.

ಯಾವುದೂ ಬೀಳಲಿಲ್ಲ. ಅರ್ಧ ತಾಸಾಯಿತು, ಒಂದು ತಾಸಾಯಿತು. ಗುನಗರು ಮತ್ತೆ ಮತ್ತೆ ಪ್ರಾರ್ಥಿಸಿದರು. ಎಣ್ಣೆದೀಪದ ಬೆಳಕಿನಲ್ಲಿ ಎರಡೂ ಎಸಳು ಹೊಳೆಯುತ್ತ ಕೂತೇ ಇದ್ದವು. ಡಾಕ್ಟರಮ್ಮನ ಹಾಗೆ ದೇವಿಯೂ ಗೊತ್ತಿಲ್ಲ ಎನ್ನುತ್ತಿದ್ದಾಳೆ ಅನ್ನಿಸಿತು. ಮಧ್ಯಾಹ್ನದ ಮಂಗಳಾರತಿಯ ಹೊತ್ತು ಮೀರಿತು. ಆಯಿ ಕದಲಲಿಲ್ಲ. ಮುಗಿದ ಕೈ ಇಳಿಸದೆ ಕೂತಿದ್ದಳು, ಆಸ್ಪತ್ರೆಯ ಬೆಂಚಿನ ಮೇಲೆ ಒಂಬತ್ತು ತಾಸು ಕೂತ ಹಾಗೆಯೇ.

'ಬಿತ್ತು ಆಯಿ' ಅಂದೆ ನಾನು. 'ಬಲಕ್ಕೆ ಬಿತ್ತು.'

ಗುನಗರು ತಟ್ಟನೆ ತಿರುಗಿ ನನ್ನನ್ನು ನೋಡಿದರು. ನಾನೂ ಅವರನ್ನೇ ನೋಡಿದೆ. ನನ್ನ ಅರ್ಧ ಮುಖದಲ್ಲಿ ಅವರಿಗೇನು ಕಂಡಿತೋ ತಿಳಿಯದು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹರಿವಾಣದಿಂದ ಒಂದು ಕೆಂಪು ದಾಸವಾಳ ತೆಗೆದು ಆಯಿಯ ಬೊಗಸೆಗೆ ಹಾಕಿ, 'ತಗಳ್ಳಿ ದೇವಕ್ಕ. ಇನ್ನು ಮನೆಗೆ ಹೋಗಿ ಊಟ ಮಾಡಿ' ಎಂದರು. ಆಮೇಲೆ ಗರ್ಭಗುಡಿಯ ಬಾಗಿಲು ಎಳೆದರು. ಎಸಳುಗಳು ಒಳಗೆ ಅಂಟಿಕೊಂಡೇ ಇದ್ದವು.

ದಾರಿಯಲ್ಲಿ ಆಯಿ ನನ್ನ ಕೈ ಹಿಡಿದುಕೊಂಡು, ನನ್ನ ಬಲಗಡೆಯಲ್ಲೇ ನಡೆದಳು. ಸ್ವಲ್ಪ ದೂರ ಬಂದ ಮೇಲೆ ನಿಂತಳು.

'ನೀ ಕಣ್ಣಾರೆ ನೋಡಿದ್ಯಲ್ಲ?'

'ನೋಡ್ದೆ.'

'ಹಂಗಾರೆ ಸಾಕು' ಅಂದಳು. 'ಈ ಸಲ ನಾ ಎರಡ್ನೇ ಸಲ ಕೇಳುದಿಲ್ಲ.'

ಅವಳು ನಂಬಿದಳೋ, ನನ್ನ ಸುಳ್ಳನ್ನು ಮಗಳು ಕೊಟ್ಟ ಕ್ಷಮೆ ಎಂದು ಸ್ವೀಕರಿಸಿದಳೋ ನನಗೆ ತಿಳಿಯಲಿಲ್ಲ. ಆವತ್ತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಆ ಚಳಿಗಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಳು. ಮಳೆಗಾಲಕ್ಕೆ ಹಿತ್ತಿಲ ಬಾಗಿಲು ತೆಗೆದು, ಹೊಸ ಕಂಬ ನೆಡಿಸಿ ಬಸಳೆ ಹಬ್ಬಿಸಿದಳು. ಇನ್ನೂ ಎರಡು ಮಳೆಗಾಲ ಇದ್ದಳು. ಆಮೇಲೆ ಒಂದು ಜ್ವರ ಬಂದು ನಾಲ್ಕೇ ದಿನದಲ್ಲಿ ಕರೆದುಕೊಂಡು ಹೋಯಿತು. ಕೊನೆಯ ದಿನವೂ 'ಕಿವೀಲಿ ಎಂತಾ ಇಲ್ಲ ಅಲ್ದಾ?' ಎಂದು ಕೇಳಿದ್ದಳು. ಎಂತದೂ ಇಲ್ಲ ಎಂದಿದ್ದೆ. ಆಯಿ ಹೋದ ಮನೆಯಲ್ಲಿ ಈಗ ಆ ಪ್ರಶ್ನೆ ಕೇಳುವವರಿಲ್ಲ. ಗುಂಯ್ ಎನ್ನುವುದು ಮಾತ್ರ ನಿಂತಿಲ್ಲ.

ಗುನಗರು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಆಗಾಗ ಸಿಗುತ್ತಾರೆ. ನನ್ನ ಬಲಗಡೆಗೆ ಬಂದು ನಿಂತು, ಆರಾಮಾ ತಂಗಿ ಎಂದು ವಿಚಾರಿಸುತ್ತಾರೆ. ಪ್ರಸಾದ ಕೇಳಿದ ಮರುದಿನ ಬೆಳಿಗ್ಗೆ ಗರ್ಭಗುಡಿಯ ಬಾಗಿಲು ತೆಗೆದವರು ಅವರೇ. ಯಾವ ಎಸಳು ಬಿದ್ದಿತ್ತು ಎಂದು ನೋಡಿದವರೂ ಅವರೊಬ್ಬರೇ. ಅವರು ಹೇಳಿಲ್ಲ. ನಾನು ಕೇಳಿಲ್ಲ. ಪ್ರತಿ ಸಲವೂ ಮಾತು ನಾಲಿಗೆಯ ತುದಿಗೆ ಬರುತ್ತದೆ, ಬಸ್ಸು ಬರುವವರೆಗೆ ಮಳೆ ಬೆಳೆಯ ಸುದ್ದಿ ಮಾತಾಡುತ್ತೇವೆ. ಆಮೇಲೆ ನಾನು ಬಸ್ಸು ಹತ್ತಿ ಮನೆಗೆ ಬಂದು, ಆಯಿಯ ಬಸಳೆಗೆ ನೀರು ಹಾಕುತ್ತೇನೆ.